ಎರಡು ಮಾರ್ಕು ಕಮ್ಮಿಯಾದ ರಜೆ

ಮನೆಯಿಂದ,
ರಜೆಯ ಒಂಬತ್ತನೆಯ ದಿನ, ಭಾನುವಾರ

ಮನೆಯ ಯಜಮಾನಿಗೆ,

ನಿನ್ನ ಮೇಷ್ಟ್ರ ನಮಸ್ಕಾರ. ಹೋದ ಮರುದಿನವೇ ಕಾಗದ ಹಾಕುತ್ತೇನೆಂದು ಬಸ್ಸಿನ ಕಿಟಕಿ ಹಿಡಿದುಕೊಂಡು ಮಾತು ಕೊಟ್ಟವನು ಒಂದು ವಾರ ತಡ ಮಾಡಿದ್ದೇನೆ, ತಪ್ಪಾಯಿತು. ಬರೆಯಲು ಮೂರು ಸಲ ಕುಳಿತೆ. ಒಂದು ಸಲ ಹಾಲು ಉಕ್ಕಿತು, ಇನ್ನೊಂದು ಸಲ ಅನ್ನ ತಳ ಹಿಡಿಯಿತು, ಮೂರನೆಯ ಸಲ ಪೆನ್ನಿನೊಳಗಿನ ಸ್ಪ್ರಿಂಗನ್ನು ಸಣ್ಣವನು ಯಾವುದೋ ಸಂಶೋಧನೆಗೆ ಒಯ್ದಿದ್ದ. ದಿನಾ ಫೋನು ಇದೆಯಲ್ಲ, ಕಾಗದ ಏಕೆ ಎನ್ನಬೇಡ. ಫೋನು ಎತ್ತಿದರೆ ಈ ಇಬ್ಬರು ಮಕ್ಕಳ ಕಿವಿಗಳು ಎರಡೂ ಕಡೆಯಿಂದ ಬಂದು ಅಂಟಿಕೊಳ್ಳುತ್ತವೆ. ಆ ದೊಡ್ಡ ಆಸ್ಪತ್ರೆಯಲ್ಲಿ ನಿನ್ನ ಏಳು ವಾರದ ನರ್ಸ್ ತರಬೇತಿ ಮುಗಿಯುವವರೆಗೂ ನಮ್ಮ ಗುಟ್ಟಿನ ಮಾತೆಲ್ಲ ಅಂಚೆಯಲ್ಲೇ.

ಇಪ್ಪತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟವನಾಗಿ ಹೇಳುತ್ತೇನೆ, ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳ ಮನಸ್ಸು ಏರುವುದಕ್ಕೂ ಇಳಿಯುವುದಕ್ಕೂ ಒಂದು ಕ್ರಮ ಇದೆ. ಈ ಸಲ ಅದನ್ನು ಪುರಾವೆ ಸಮೇತ ಸಾಧಿಸೋಣವೆಂದು ಅಡುಗೆಮನೆಯ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದ್ದೇನೆ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಮನಸ್ಸು. ಮೇಲೆ ಐದು ಮನೆ, ಕೆಳಗೆ ಐದು ಮನೆ, ನಡುವೆ ಸೊನ್ನೆ. ದಿನಾ ಸಂಜೆ ಇಬ್ಬರಿಗೂ ಒಂದೊಂದು ಚುಕ್ಕೆ. ನೀನು ನಗುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಸಣ್ಣವನು ಒಂಬತ್ತು ದಿನವೂ ಮೇಲಿನ ಐದರಲ್ಲೇ ಇದ್ದಾನೆ. ಮೊದಲ ದಿನವಂತೂ "ಐದು ಸಾಲಲ್ಲ, ಏಳು ಹಾಕಿ" ಎಂದು ಹಟ ಹಿಡಿದು, ಹಾಳೆಯ ಹೊರಗೆ ಗೋಡೆಯ ಮೇಲೆ ತಾನೇ ಚುಕ್ಕೆ ಇಟ್ಟ. ಶಾಲೆ ಇದ್ದಾಗ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಬೇಕಾಗಿದ್ದ ಪುಣ್ಯಾತ್ಮ ಈಗ ಬೆಳಗ್ಗೆ ಐದಕ್ಕೇ ಎದ್ದು, ನನ್ನ ಕಣ್ಣಿನ ರೆಪ್ಪೆ ಬಿಡಿಸಿ, "ಅಪ್ಪಾ, ಎಚ್ಚರ ಇದೀರಾ?" ಎಂದು ವಿಚಾರಿಸುತ್ತಾನೆ. ಶಾಲೆಯ ಚೀಲವನ್ನು ಮೊದಲ ದಿನವೇ ಬೀರುವಿನ ಮೇಲೆ ಎಸೆದಿದ್ದ. ಅದರೊಳಗೆ ಊಟದ ಡಬ್ಬಿ ಉಳಿದಿತ್ತೆಂಬುದು ನಿನ್ನೆ ವಾಸನೆಯಿಂದ ತಿಳಿಯಿತು.

ದೊಡ್ಡವಳ ಗೆರೆ ಮಾತ್ರ ಸೊನ್ನೆಯ ಮೇಲೆ ನೆಟ್ಟಗೆ ಹೋಗುತ್ತಿದೆ. ಏರಿಲ್ಲ, ಇಳಿದಿಲ್ಲ. ಗಣಿತದಲ್ಲಿ ಮೂವತ್ತಮೂರು ಬಂದು, ಎರಡೇ ಎರಡು ಮಾರ್ಕಿಗೆ ಫೇಲಾಗಿ, ರಜೆಯ ಕೊನೆಯ ವಾರ ಮರುಪರೀಕ್ಷೆ ಬರೆಯಬೇಕಾದ ಹುಡುಗಿ ಅಳಬಹುದು, ಸಿಡುಕಬಹುದು ಎಂದುಕೊಂಡಿದ್ದೆ. ಯಾವುದೂ ಇಲ್ಲ. ಹದಿನಾಲ್ಕು ವರ್ಷಕ್ಕೆ ಎಷ್ಟು ಪ್ರೌಢಳು ಎಂದು ನನಗೇ ಹೆಮ್ಮೆ. ಆದರೆ ನೀನು ಹೊರಡುವಾಗ, "ನಾನು ಬರೋಷ್ಟರಲ್ಲಿ ಅವಳು ಪಾಸಾಗಿರ್ಬೇಕು, ಅದೂ ನಿಮ್ಮ ಹತ್ರ ಕೂತು ಕಲ್ತು" ಅಂದಿದ್ದೆಯಲ್ಲ, ಆ ಕೆಲಸ ಮಾತ್ರ ಒಂದಿಂಚೂ ಮುಂದೆ ಹೋಗಿಲ್ಲ. ಬೆಳಗ್ಗೆ ಏಳರಿಂದ ಎಂಟು ಲೆಕ್ಕದ ಪಾಠ ಎಂದು ವೇಳಾಪಟ್ಟಿ ಹಾಕಿದೆ. "ನಾನೇ ಓದ್ಕೋತೀನಿ ಅಪ್ಪಾ" ಅಂದಳು. ಎಲ್ಲಿ ತಪ್ಪಿದೆ ನೋಡೋಣ, ಉತ್ತರಪತ್ರಿಕೆ ತಾ ಅಂದೆ. "ಸ್ಕೂಲಲ್ಲೇ ಇದೆ" ಅಂದಳು. ಎಷ್ಟು ವಿನಯದಿಂದ ಹೇಳುತ್ತಾಳೆಂದರೆ ಬೈಯುವುದಕ್ಕೂ ಜಾಗ ಸಿಗುವುದಿಲ್ಲ. ಅಪ್ಪ ಮಗಳು ಇಬ್ಬರದೂ ಒಂದೇ ಶಾಲೆ ನೋಡು, ಡ್ರಿಲ್ ಮೇಷ್ಟ್ರು ಆಗಲೇ ನನ್ನ ಭುಜ ತಟ್ಟಿ, "ಒಳ್ಳೆ ಟ್ಯೂಷನ್ ಮೇಷ್ಟ್ರು ಬೇಕಾದ್ರೆ ಹೇಳಿ, ಗೊತ್ತಿರೋರಿದಾರೆ" ಎಂದು ಹಲ್ಲು ಕಿರಿದಿದ್ದಾಯಿತು. ಮಗಳು ಅದೇ ತರಗತಿಯಲ್ಲಿ ಕೂತರೆ ವರ್ಷವಿಡೀ ಆ ಹಲ್ಲುಗಳನ್ನು ನೋಡಬೇಕು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳಿಗೆ ಹೇಳುವುದರಲ್ಲಿ ಅರ್ಧದಷ್ಟನ್ನಾದರೂ ನೀನು ಪಾಲಿಸು.

ಇಂತಿ ನಿನ್ನ,
ಮೇಷ್ಟ್ರು

ತಾ.ಕ.: ಕುಕ್ಕರಿನ ಸೀಟಿ ಎಲ್ಲಿಟ್ಟಿದ್ದೀಯ? ಎಂಟು ದಿನದಿಂದ ತಟ್ಟೆ ಮುಚ್ಚಿ ಬೇಯಿಸುತ್ತಿದ್ದೇನೆ.


ಮನೆಯಿಂದ,
ರಜೆಯ ಇಪ್ಪತ್ತಾರನೆಯ ದಿನ, ಬುಧವಾರ

ಯಜಮಾನಿಗೆ,

ಮತ್ತೆ ತಡ. ಈ ಸಲ ನೆಪ ಹೇಳುವುದಿಲ್ಲ, ಸುಸ್ತು. ಕುಕ್ಕರಿನ ಸೀಟಿ ಸಣ್ಣವನ ಜೇಬಿನಲ್ಲಿ ಸಿಕ್ಕಿತು.

ಗ್ರಾಫಿನ ಗೆರೆ ಕೆಳಗೆ ಬಿದ್ದಿದೆ. ಹದಿನೇಳನೆಯ ದಿನ ಮಧ್ಯಾಹ್ನ ಸಣ್ಣವನು ಮೊದಲ ಸಲ "ಬೋರ್" ಅಂದ. ಆವತ್ತಿನಿಂದ ಎಣಿಸುತ್ತಿದ್ದೇನೆ, ನಿನ್ನೆ ಒಂದೇ ದಿನ ನಲವತ್ತೊಂದು ಸಲ. ನೆಲದ ಮೇಲೆ ಬಿದ್ದುಕೊಂಡು, ಒಂದು ಕಲ್ಲು ಬಿಸಿಯಾದೊಡನೆ ಪಕ್ಕದ ಕಲ್ಲಿಗೆ ಹೊರಳುತ್ತಾ ಹಜಾರದಿಂದ ಅಡುಗೆಮನೆಯವರೆಗೆ ಪ್ರಯಾಣ ಮಾಡುತ್ತಾನೆ. ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಾನೆ, ಮುಚ್ಚುತ್ತಾನೆ, ಅಷ್ಟರಲ್ಲಿ ಒಳಗೆ ಏನಾದರೂ ಹೊಸದು ಹುಟ್ಟಿರಬಹುದೆಂದು ಮತ್ತೆ ತೆಗೆಯುತ್ತಾನೆ. ಅಕ್ಕನ ಜೊತೆ ಕಿಟಕಿಯ ಪಕ್ಕದ ಕುರ್ಚಿಗಾಗಿ ಎರಡು ದಿನ ಯುದ್ಧವಾಯಿತು. ಆ ಕಿಟಕಿಯಿಂದ ಕಾಣುವುದು ಎದುರುಮನೆಯ ನೀರಿನ ಟ್ಯಾಂಕು ಮಾತ್ರ. ಕೊನೆಗೆ ಅವಳೇ ಎದ್ದು, "ಕೂತ್ಕೋ ಹೋಗು" ಎಂದು ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟ ಮೇಲೆ ಅವನಿಗೂ ಆ ಕುರ್ಚಿ ಬೇಡವಾಯಿತು. ಜಗಳ ಮುಗಿದುಹೋಯಿತೆಂದು ಅತ್ತ.

ಇನ್ನು ನನ್ನ ಕಥೆ. ದೊಡ್ಡವಳನ್ನು ಲೆಕ್ಕಕ್ಕೆ ಎಳೆಯಲು ಮಾಡದ ತಂತ್ರವಿಲ್ಲ. ಅಂಗಡಿಯ ಚೀಟಿಯನ್ನು ಅವಳ ಮುಂದೆ ಗಟ್ಟಿಯಾಗಿ ತಪ್ಪುತಪ್ಪಾಗಿ ಕೂಡಿದೆ, ತಿದ್ದಲಿ ಎಂದು. ಅವಳು ತಿದ್ದಲಿಲ್ಲ, ಸಣ್ಣವನು ಓಡಿಹೋಗಿ ಫೋನಿನಲ್ಲಿ ನಿನಗೆ "ಅಪ್ಪಂಗೆ ಕೂಡೋಕೆ ಬರ್ತಿಲ್ಲ, ಗಾಬರಿ ಆಗ್ಬೇಡ" ಎಂದು ವರದಿ ಒಪ್ಪಿಸಿದ. ಕನ್ನಡಿಯ ಮೇಲೆ ಸಾಬೂನಿನಿಂದ ಸಮೀಕರಣ ಬರೆದಿಟ್ಟೆ. ಅವಳು ಅದನ್ನು ಒರೆಸಿ ತಲೆ ಬಾಚಿಕೊಂಡು ಹೋದಳು. ಎಲ್ಲಿಗೆ? ಕೆಳಗಿನ ಮನೆಯ ಟೈಲರಮ್ಮನ ಹತ್ತಿರ. ದಿನಾ ಮಧ್ಯಾಹ್ನ ಮೂರರಿಂದ ಐದು. ಹೊಲಿಗೆ ಕಲಿಯುತ್ತಾಳಂತೆ.

ಮೊನ್ನೆ ನನಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು, ಅರ್ಧ ತೆರೆದ ಬಾಗಿಲ ಪಕ್ಕ ನಿಂತು ಕಿವಿ ಕೊಟ್ಟೆ. ಹೊಲಿಗೆ ಯಂತ್ರದ ಸದ್ದಿಲ್ಲ. ಮಗಳ ದನಿ ಕೇಳಿಸಿತು: "ನೋಡಿ ಆಂಟಿ, ಇಡೀ ಬಟ್ಟೆ ಎಕ್ಸ್ ಅಂದ್ಕೊಳ್ಳಿ. ಎರಡು ತೋಳು ಕತ್ತರಿಸಿದ್ಮೇಲೆ ಎಷ್ಟು ಉಳೀತು?" ಅದಕ್ಕೆ ಟೈಲರಮ್ಮ, "ನನಗೆ ಅರ್ಥ ಆಗ್ಲಿಲ್ಲಮ್ಮ, ಇನ್ನೊಂದ್ಸಲ ಹೇಳು" ಅಂದರು. ಮಗಳು ಇನ್ನೊಂದು ಸಲ ಹೇಳಿದಳು. ಸ್ವಲ್ಪವೂ ತಡವರಿಸಲಿಲ್ಲ. ನನ್ನ ಹತ್ತಿರ ಏಳರ ಮಗ್ಗಿ ಹೇಳುವಾಗಲೂ ನೆಲ ನೋಡುವ ಹುಡುಗಿ ಅವಳು.

ಅಷ್ಟರಲ್ಲಿ ಟೈಲರಮ್ಮ ಹೊರಗೆ ಬರುವ ಸದ್ದಾಯಿತು. ಏನು ಮಾಡಲಿ? ಅಂಗಿಯ ಗುಂಡಿಯೊಂದನ್ನು ಹಿಡಿದು ಕಿತ್ತೆ. "ಇದೊಂದು ಗುಂಡಿ ಬಿದ್ದುಹೋಗಿದೆ, ಹಾಕಿಸೋಣ ಅಂತ ಬಂದೆ" ಅಂದೆ. ಆಕೆ ಗುಂಡಿ ನೋಡಿದರು, ಅಂಗಿ ನೋಡಿದರು, ನೇತಾಡುತ್ತಿದ್ದ ದಾರ ನೋಡಿದರು. "ಬಿದ್ದಿರೋದಲ್ಲ ಮೇಷ್ಟ್ರೇ, ಈಗಷ್ಟೇ ಕಿತ್ತಿರೋದು. ಬಟ್ಟೆ ಸಮೇತ ಬಂದಿದೆ" ಅಂದರು. ನನ್ನ ಮುಖ ಎಲ್ಲಿಡಲಿ ಹೇಳು. ಆಮೇಲೆ ದನಿ ತಗ್ಗಿಸಿ, "ನಾನೇನೂ ಹೇಳ್ಕೊಡಲ್ಲ. ನಾನು ಓದಿರೋದೇ ಆರನೇ ಕ್ಲಾಸು. ಅರ್ಥ ಆಗ್ಲಿಲ್ಲ ಅಂತೀನಿ ಅಷ್ಟೇ. ಅವಳು ಹೇಳ್ತಾ ಹೇಳ್ತಾ ತಾನೇ ಕಲೀತಾಳೆ. ನಿಮ್ಮ ಮಗಳಿಗೆ ಲೆಕ್ಕ ಬರುತ್ತೆ, ಕೇಳೋಕೆ ಹೆದರಿಕೆ" ಅಂದರು.

ಹೊಟ್ಟೆ ಉರಿಯಿತು ಎಂದರೆ ಸಣ್ಣ ಮಾತು. ಇಪ್ಪತ್ತೆರಡು ವರ್ಷದ ಅನುಭವವನ್ನು ಒಂದು ಕತ್ತರಿ ಸೋಲಿಸಿತು. ಯಾರ ಹೆದರಿಕೆ, ಯಾಕೆ ಹೆದರಿಕೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಮೇಲೆ ಬಂದು ಸಣ್ಣವನ ಪಕ್ಕದ ಕಲ್ಲಿನ ಮೇಲೆ ನಾನೂ ಬಿದ್ದುಕೊಂಡೆ. ಆ ಸಂಜೆ ಅವನು ನನಗೂ ಒಂದು ಚುಕ್ಕೆ ಇಟ್ಟಿದ್ದಾನೆ, ಕೆಳಗಿನ ನಾಲ್ಕರಲ್ಲಿ.

ನಿನ್ನ ಕಾಲು ನೋವು ಹೇಗಿದೆ? ವಾರ್ಡಿನಲ್ಲಿ ನಿಂತೇ ಇರಬೇಡ, ಮಧ್ಯೆ ಕೂರು.

ಇಂತಿ,
ಒಂದು ಗುಂಡಿ ಕಮ್ಮಿಯಾದ ನಿನ್ನ ಮೇಷ್ಟ್ರು

ತಾ.ಕ.: ಹೊಲಿದುಕೊಟ್ಟಿದ್ದಕ್ಕೆ ಆಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅದಕ್ಕೂ ಅವಮಾನವಾಯಿತು.


ಮನೆಯಿಂದ,
ರಜೆಯ ನಲವತ್ತೆಂಟನೆಯ ದಿನ, ಗುರುವಾರ

ನನ್ನ ಯಜಮಾನಿಗೆ,

ನೀನು ಭಾನುವಾರ ಬರುತ್ತೀಯ, ಈ ಕಾಗದ ನೀನು ಹೊರಡುವ ಒಂದು ದಿನ ಮೊದಲು ಅಲ್ಲಿಗೆ ತಲುಪಿದರೆ ನನ್ನ ಪುಣ್ಯ. ಮೂರು ವಾರ ಬರೆಯದಿದ್ದುದಕ್ಕೆ ಕ್ಷಮೆ ಇರಲಿ. ಒಳ್ಳೆಯ ಸುದ್ದಿ ಫೋನಿನಲ್ಲಿ ಆಗಲೇ ನಿನ್ನ ಕಿವಿಗೆ ಬಿದ್ದಿದೆ. ಆದರೂ ಬರೆಯುತ್ತೇನೆ, ಬರೆದರೆ ಇನ್ನೊಂದು ಸಲ ಖುಷಿಪಡಬಹುದು. ದೊಡ್ಡವಳಿಗೆ ಮರುಪರೀಕ್ಷೆಯಲ್ಲಿ ಅರವತ್ತೆಂಟು. ತಿದ್ದಿದವರು ಅವಳ ತರಗತಿಯ ಮೇಡಂ. ನಾನು ಶಾಲೆಯ ಆ ಓಣಿಯ ಕಡೆಗೇ ಕಾಲಿಡಲಿಲ್ಲ, ಡ್ರಿಲ್ ಮೇಷ್ಟ್ರೇ ಬಂದು ಫಲಿತಾಂಶ ಹೇಳಿದರು. ಹಲ್ಲು ಕಿರಿಯಲಿಲ್ಲ, ಕೈ ಕುಲುಕಿದರು.

ಅವಳು ಮೊದಲು ಓಡಿದ್ದು ಕೆಳಗಿನ ಮನೆಗೆ. ಟೈಲರಮ್ಮ ಅಳತೆಯ ಟೇಪನ್ನೇ ಹಾರದ ಹಾಗೆ ಅವಳ ಕೊರಳಿಗೆ ಹಾಕಿ ಕಳಿಸಿದ್ದರು. ಆ ಟೇಪು ಹಾಕಿಕೊಂಡೇ ಮೇಲೆ ಬಂದು, ನನ್ನನ್ನು ನೋಡಿ, ಬಾಯಿ ತುಂಬ ನಕ್ಕಳು. ನಲವತ್ತಾರು ದಿನ ಆದ ಮೇಲೆ ಮೊದಲ ಸಲ. ನಾನು ಪೆನ್ಸಿಲ್ ಹುಡುಕುತ್ತಿದ್ದರೆ ಸಣ್ಣವನು, "ಹಾಳೆ ಸಾಲಲ್ಲ ಅಪ್ಪಾ" ಅಂದ.

ಅವನಿಗೆ ಶಾಲೆಯ ಮೇಲೆ ಪ್ರೇಮ ಉಕ್ಕಿದೆ. ಹೊಸ ಪುಸ್ತಕಗಳಿಗೆಲ್ಲ ರಟ್ಟು ಹಾಕಿ, ಮೂಗು ಒಳಗಿಟ್ಟು ವಾಸನೆ ನೋಡಿ, "ಇನ್ನೂ ಎಷ್ಟು ದಿನ?" ಎಂದು ಗಂಟೆಗೊಮ್ಮೆ ಕೇಳುತ್ತಿದ್ದ. ಮೊನ್ನೆಯವರೆಗೆ. ಇನ್ನು ಐದೇ ದಿನ ಎಂದು ಗೊತ್ತಾದೊಡನೆ ಹೊಟ್ಟೆನೋವು ಬಂದಿದೆ. ಎಲ್ಲಿ ನೋಯುತ್ತದೆ ಎಂದರೆ ಒಂದೊಂದು ಸಲ ಒಂದೊಂದು ಕಡೆ ತೋರಿಸುತ್ತಾನೆ, ನಿನ್ನೆ ಮೊಣಕಾಲಿನ ಹತ್ತಿರ ತೋರಿಸಿದ. ನರ್ಸಮ್ಮನೇ ಬಂದು ನೋಡಲಿ ಎಂದು ಬಿಟ್ಟಿದ್ದೇನೆ.

ಮನೆ ಗುಡಿಸಿದ್ದೇನೆ. ಬೀರುವಿನ ಮೇಲೆ ನೋಡಬೇಡ. ದೇವರು ನಿನ್ನನ್ನು ಆರೋಗ್ಯವಾಗಿ ಕರೆತರಲಿ, ನಿನ್ನ ಕೈಯಿಂದ ವಾಸಿಯಾದವರೆಲ್ಲರ ಹಾರೈಕೆ ನಮ್ಮ ಮನೆಯ ಮೇಲಿರಲಿ. ಬಸ್ಸು ನಿಲ್ಲುವ ಜಾಗಕ್ಕೆ ನಾವು ಮೂವರೂ ಬಂದಿರುತ್ತೇವೆ.

ಇಂತಿ ನಿನ್ನ,
ಮೇಷ್ಟ್ರು

ತಾ.ಕ.: ಇದೊಂದನ್ನು ಎದುರು ನಿಂತು ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಅವಳು ಎರಡು ಉತ್ತರಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟು, "ಅಮ್ಮ ಬರೋದ್ರೊಳಗೆ ನೀವೇ ನೋಡ್ಬಿಡಿ" ಎಂದು ಹೇಳಿ ಹೋದಳು. ಒಂದು ಅರವತ್ತೆಂಟರದು. ಇನ್ನೊಂದು ಆ ಮೂವತ್ತಮೂರರದು. ಅದು ಶಾಲೆಯಲ್ಲಿ ಇರಲೇ ಇಲ್ಲ, ರಜೆ ಶುರುವಾದ ದಿನದಿಂದ ಅವಳ ಹತ್ತಿರವೇ ಇತ್ತು.

ಅದನ್ನು ತಿದ್ದಿದವನು ನಾನು. ಪಕ್ಷಪಾತ ಆಗಬಾರದೆಂದು, ಹೆಸರಿನ ಮೂಲೆಯನ್ನು ಮಡಿಸಿ ಅಂಟು ಹಾಕಿ, ಎಲ್ಲ ಸೆಕ್ಷನ್ನಿನವನ್ನೂ ಕಲಸಿ ಮೇಷ್ಟ್ರುಗಳಿಗೆ ಹಂಚುವ ಪದ್ಧತಿಯನ್ನು ಜಗಳವಾಡಿ ತಂದವನೂ ನಾನೇ. ಒಂದೇ ಮಧ್ಯಾಹ್ನದಲ್ಲಿ ಅರವತ್ತು ತಿದ್ದಿದೆ. ಅದರಲ್ಲಿ ಇದೂ ಒಂದು. ದಿನಾ ನಾನು ಊಟ ಮಾಡುವ ಮೇಜಿನ ಮುಂದೆಯೇ ಕೂತು ಬರೆದು ಕಲಿತ ಅಕ್ಷರ, ನನಗೆ ಗುರುತು ಸಿಗಲಿಲ್ಲ. ನನ್ನ ಅಕ್ಷರ ಅವಳಿಗೆ ಪತ್ರಿಕೆ ಕೈಗೆ ಬಂದ ಕ್ಷಣವೇ ಗುರುತು ಸಿಕ್ಕಿದೆ. ಎರಡು ಮಾರ್ಕು ಎಲ್ಲಾದರೂ ಬಿಟ್ಟಿದ್ದೇನೆಯೇ ಎಂದು ಮೂರು ಸಲ ಕೂಡಿ ನೋಡಿದೆ. ಇಲ್ಲ, ಮೂವತ್ತಮೂರೇ ಸರಿ.

ಕೊನೆಯ ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, "ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲವೇ?" ಎಂದು. ಎಷ್ಟೋ ಮಕ್ಕಳಿಗೆ ಹೀಗೆ ಬರೆದಿದ್ದೇನೆ, ಬರೆದು ಮರೆತಿದ್ದೇನೆ. ಅದರ ಕೆಳಗೆ ಅವಳು ಪೆನ್ಸಿಲಿನಲ್ಲಿ ಏನೋ ಬರೆದು, ನನಗೆ ಕೊಡುವ ಮುಂಚೆ ರಬ್ಬರಿನಿಂದ ಉಜ್ಜಿದ್ದಾಳೆ. ಪೂರ್ತಿ ಹೋಗಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ: "ಇದ್ದಾರೆ ಸರ್. ಕೇಳಿದರೆ ಬೈಯುತ್ತಾರೆ."