ಈ ಸಲ ಸುಮ್ಮನೆ ಸಹಿ ಹಾಕುವುದಿಲ್ಲ

೧೮ ಜೂನ್ ೨೦೨೫, ಬುಧವಾರ

ಮಗಳು ಆಶಾಗೆ ಈ ವರ್ಷ ಹೇಗೆ ಕಲಿಸಬೇಕೆಂದು ತೀರ್ಮಾನಿಸಲು ನಾಳೆ ಹೊನ್ನಾಳಿಯಲ್ಲಿ ಸಭೆ. ಹೋದ ವರ್ಷದ ಸಭೆಯಲ್ಲಿ ಮೇಷ್ಟ್ರು, ‘ಮಾತಿಲ್ಲ, ಓದು ಬರುವುದಿಲ್ಲ, ಮನೆಯಲ್ಲೇ ಪಾಠ ಸಾಕು’ ಎಂದು ಬರೆದಿದ್ದರು. ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕಿ ಬಂದೆ. ನನ್ನ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಬೇರೆ ಕೆಲಸಕ್ಕೆಂದು ಆಶಾಳ ಜೊತೆ ಹೊನ್ನಾಳಿಗೆ ಹೊರಟಾಗ, ಸಾಸ್ವೆಹಳ್ಳಿಯಲ್ಲಿ ಹೊನ್ನಾಳಿ ಬಸ್ಸೆಂದುಕೊಂಡು ಬೇರೊಂದನ್ನು ಹತ್ತಲು ಹೊರಟಿದ್ದೆ. ಆಶಾ ಸೆರಗು ಹಿಡಿದೆಳೆದು ಬೋರ್ಡು ತೋರಿಸಿದಳು. ಅದು ಚನ್ನಗಿರಿ ಬಸ್ಸು!

ಮನೆಗೆ ಬಂದು ಹೇಳಿದರೆ ಮಾವ, ‘ಮೇಷ್ಟ್ರ ಜೊತೆ ವಾದ ಮಾಡಾಕೆ ಹೋಗಬ್ಯಾಡವ್ವ, ಅವರು ತಿಳಿದೋರು’ ಅಂದರು.

‘ಬೋರ್ಡು ಓದೋ ಮಗೀಗೆ ಓದು ಬರಲ್ಲ ಅಂದ್ರೆ ಹೆಂಗೆ ಸುಮ್ಮನಿರ್ಲಿ ಮಾವ?’ ಅಂದೆ.

ಹೇಳಬೇಕಾದ್ದನ್ನೆಲ್ಲ ಬರೆದುಕೊಂಡು ಮೂರು ಸಲ ಗಟ್ಟಿಯಾಗಿ ಓದಿದೆ. ಶಾಲೆಯಲ್ಲಿ ಎಲ್ಲರ ಜೊತೆ ಕೂರಿಸುತ್ತೇವೆ ಎಂದು ಬರೆದರೆ ಮಾತ್ರ ಸಹಿ. ಆಶಾಳನ್ನೂ ಕರೆದುಕೊಂಡು ಹೋಗುತ್ತೇನೆ. ಅವಳ ಬಗ್ಗೆ ಏನು ಹೇಳುವುದಿದ್ದರೂ ಅವಳ ಎದುರಿಗೇ ಹೇಳಲಿ.