ಒಲೆ ಅವಳ ಕಡೆ

ನವೆಂಬರ್ ೧೯, ೧೮೮೬. ಶುಕ್ರವಾರ

ಬೆಳಗಿನಿಂದ ಹುಲ್ಲು ಹೊಸೆದೆ. ಅಂಗೈ ಬಿರಿದು ರಕ್ತ. ಈ ಡಕೋಟಾ ಬಯಲಲ್ಲಿ ಸೌದೆ ಎಲ್ಲಿಂದ ಬರಬೇಕು... ಒಣಹುಲ್ಲನ್ನೇ ಹೊಸೆದು, ಗಂಟು ಹಾಕಿ, ಒಲೆಗೆ ತುರುಕುವುದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೂದಿ. ಜೊತೆಗಿರುವ ಲೊವೀನಾ ಬ್ರಾಂಡ್ ಹಾಡುತ್ತ ಹೊಸೆಯುತ್ತಾಳೆ. ಅವಳ ಕೈಗೆ ಏನೂ ಆಗುವುದಿಲ್ಲ, ಅದು ಹೇಗೋ.

ನಿನ್ನೆಯೂ ಅವಳ ಕಡೆಯೇ ಮಲಗಿದೆ. ಬರೆಯಬಾರದು. ಆದರೂ ಬರೆದೆ.

ಐದು ವರ್ಷ ತನ್ನ ನೆಲದಲ್ಲೇ ಉಣ್ಣಬೇಕು, ತನ್ನ ನೆಲದಲ್ಲೇ ಮಲಗಬೇಕು, ಆಗ ಸರ್ಕಾರ ಜಮೀನು ಕೊಡುತ್ತದೆ. ಇಬ್ಬರು ಒಂಟಿ ಹೆಂಗಸರು ಎರಡು ಮನೆ ಕಟ್ಟುವುದೇಕೆ, ನಮ್ಮಿಬ್ಬರ ಜಮೀನಿನ ಗಡಿಯ ಮೇಲೆ ಒಂದೇ ಕಟ್ಟೋಣ ಎಂದು ಬುದ್ಧಿ ಕೊಟ್ಟವಳು ನಾನೇ. ಮನೆ ಒಂದು, ಬಾಗಿಲು ಎರಡು, ನಡುವೆ ನೆಲದ ಮೇಲೆ ಸುಣ್ಣದ ಗೆರೆ. ಪೂರ್ವಕ್ಕೆ ನಾನು, ಪಶ್ಚಿಮಕ್ಕೆ ಅವಳು. ಊಟದ ಮೇಜು ಗೆರೆಯ ಮೇಲೆ. ಕುರ್ಚಿಗಳು ಅವರವರ ಕಡೆ. ಕಿಟಕಿ ನನಗೆ ಬಂತು, ಒಲೆ ಅವಳಿಗೆ ಹೋಯಿತು. ಆಗ ಏಪ್ರಿಲ್, ಬಿಸಿಲು ಬರತೊಡಗಿತ್ತು, ಕಿಟಕಿಯೇ ದೊಡ್ಡದೆನಿಸಿತ್ತು. ಪೆದ್ದಿ.

ಈ ಸಲದ ಚಳಿ ಬೇರೆ ಥರ. ಮಂಚ ಎಳೆದು ಒಲೆಯ ಹತ್ತಿರ ಹಾಕಿಕೊ ಎಂದು ಅವಳೇ ಹೇಳಿದಳು, ಅವಳೇ ಒಂದು ತುದಿ ಹಿಡಿದಳು. ಏಪ್ರಿಲಿಗೆ ಐದು ವರ್ಷ ತುಂಬುತ್ತದೆ. ಇಷ್ಟು ಹತ್ತಿರ ಬಂದು... ಯಾರು ನೋಡುತ್ತಾರೆ, ಬಿಡು.

ನವೆಂಬರ್ ೨೫. ಥ್ಯಾಂಕ್ಸ್‌ಗಿವಿಂಗ್

ಪಾದ್ರಿ ಬಂದಿದ್ದರು. ಪಕ್ಕದ ಜಮೀನಿನ ಏಸಾ ಕ್ರೌಡರನೂ ಬಂದ, ಕರೆದವರು ಯಾರೋ ಕಾಣೆ. ನಾನಂತೂ ಅಲ್ಲ. ಎರಡು ಕಾಡುಕೋಳಿ, ಮೆಕ್ಕೆಜೋಳದ ರೊಟ್ಟಿ, ಕುಂಬಳದ ಹೂರಣದ ಕಡುಬು. ಪಾದ್ರಿ ಮೂರು ಸಲ ಬಡಿಸಿಕೊಂಡರು.

ಊಟದ ನಡುವೆ ಲೊವೀನಾ ನಗುತ್ತ, "ನೋಡಿ ಫಾದರ್, ಅಕ್ಕನ ಮಂಚ ನಮ್ಮೂರಿಗೆ ನೆಂಟ್ರ ಹಾಗೆ ಬಂದಿದೆ, ವಾಪಸ್ ಹೋಗೋ ಮಾತೇ ಇಲ್ಲ" ಎಂದಳು.

ಪಾದ್ರಿ ಹೊಟ್ಟೆ ಕುಲುಕಿಸಿ ನಕ್ಕರು. ಕ್ರೌಡರ್ ನಗಲಿಲ್ಲ. ಚಮಚ ಕೆಳಗಿಟ್ಟು ಮಂಚದ ಕಾಲು ನೋಡಿದ. ನಂತರ ಗೆರೆ ನೋಡಿದ. ಆಮೇಲೆ ನನ್ನ ಮುಖ.

ತೊರೆ ಹರಿಯುವುದು ನಮ್ಮಿಬ್ಬರ ಜಮೀನಿನಲ್ಲಿ. ಅವನ ದನಗಳಿಗೆ ನೀರಿಲ್ಲ. ಯಾವನಾದರೂ ಜಮೀನು ಕಚೇರಿಗೆ ಹೋಗಿ, ಇವಳು ತನ್ನ ನೆಲದಲ್ಲಿ ಮಲಗಲಿಲ್ಲ ಎಂದು ತಕರಾರು ಹಾಕಿದರೆ ಸಾಕು, ಜಮೀನು ಅವನ ಪಾಲು. ರಾತ್ರಿ ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಇದ್ದರೆ ಮುಗಿಯಿತು. ಸಾಕ್ಷಿ ನನ್ನ ಒಲೆಯ ಪಕ್ಕದಲ್ಲೇ ಕೂತು ಕಡುಬು ತಿನ್ನುತ್ತಿದ್ದಾಳೆ. ನನ್ನ ಒಲೆ ಅಂತೆ. ಅವಳ ಒಲೆ.

ತಮಾಷೆಯೋ, ಬೇಕೆಂದೇ ಹೇಳಿದ್ದೋ?

ನವೆಂಬರ್ ೨೬

ಮಂಚ ವಾಪಸ್ ಎಳೆದೆ. ಒಬ್ಬಳೇ. ಅವಳು ಸಹಾಯಕ್ಕೆ ಬಂದಳು, ಬೇಡ ಎಂದೆ. "ನಾನು ಆಡಿದ ಮಾತಿಗೆ ಬೇಜಾರಾ ಅಕ್ಕಾ?" ಎಂದು ಕೇಳಿದಳು. ಇಲ್ಲ, ಬೆನ್ನಿಗೆ ಬಿಸಿ ಜಾಸ್ತಿಯಾಯಿತು ಎಂದೆ. ಹೊರಗೆ ನೀರು ಕಲ್ಲಾಗಿದೆ, ನನಗೆ ಬಿಸಿ ಜಾಸ್ತಿ! ಸುಳ್ಳು ಹೇಳಲೂ ಬರುವುದಿಲ್ಲ ನನಗೆ.

ಡಿಸೆಂಬರ್ ೬. ಸೋಮವಾರ

ಮಧ್ಯಾಹ್ನ ಹುಲ್ಲಿನ ಬಣವೆಯ ಹಿಂದೆ ಅವರಿಬ್ಬರೂ. ಲೊವೀನಾ, ಕ್ರೌಡರ್. ಕಿಟಕಿ ನನ್ನದಾದದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು. ಅವನು ಏನೋ ಕೇಳಿದ. ಅವಳು ತಲೆ ಹಿಂದಕ್ಕೆ ವಾಲಿಸಿ ನಕ್ಕಳು. ಅವನು ಮನೆಯತ್ತ ಕೈ ತೋರಿಸಿದ. ನನ್ನ ಕಡೆಗೆ, ಅವಳ ಕಡೆಗಲ್ಲ.

ಒಳಗೆ ಬಂದಾಗ ಅವಳ ಕೆನ್ನೆ ಕೆಂಪು. ಚಳಿಗೂ ಇರಬಹುದು. ಏನಂತೆ ಕ್ರೌಡರನಿಗೆ ಎಂದೆ. "ಅವನಿಗೇನು, ಹುಚ್ಚು" ಎಂದಳು. ಅಷ್ಟೇ. ಬೇರೆ ದಿನ ಒಂದು ಕೋಳಿ ಮೊಟ್ಟೆ ಇಟ್ಟರೂ ಊಟ ಮುಗಿಯುವತನಕ ವರ್ಣಿಸುವವಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಅವಳು ಅವನನ್ನು ಕಟ್ಟಿಕೊಂಡರೆ ಅವನ ಜಮೀನು, ಅವಳ ಜಮೀನು, ನಡುವೆ ನನ್ನದು. ನಡುವಿನದನ್ನು ಬಿಡುತ್ತಾರೆಯೇ.

ಡಿಸೆಂಬರ್ ೧೨. ಭಾನುವಾರ

ಕೌದಿಯ ಅಂಚಿಗೆ ಮಂಜುಗಡ್ಡೆ. ನನ್ನ ಉಸಿರೇ ಹೆಪ್ಪುಗಟ್ಟಿದ್ದು. ಶಾಯಿಯೂ ಗಟ್ಟಿಯಾಗಿದೆ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎದ್ದರೆ ಮೈಮೇಲೆ ಇನ್ನೊಂದು ಕೌದಿ. ಅವಳದು, ನಕ್ಷತ್ರದ ಚಿತ್ತಾರದ್ದು, ಅವರಮ್ಮ ಹೊಲಿದದ್ದು. ನಾನು ಮಲಗಿದ್ದಾಗ ಗೆರೆ ದಾಟಿ ಬಂದಿದ್ದಾಳೆ. ಏಕೆ ಬಂದಳು? ನಾನು ಎಲ್ಲಿ ಮಲಗಿದ್ದೇನೆಂದು ನೋಡಲಿಕ್ಕೋ? ಮಡಿಸಿ ಅವಳ ಮಂಚದ ಮೇಲಿಟ್ಟೆ. ಅಂಬಲಿ ಬಡಿಸುವಾಗ ಸೌಟು ಜೋರಾಗಿ ಕುಕ್ಕಿದಳು.

ಮಲಗುವ ಮುಂಚೆ ಗೆರೆಯುದ್ದಕ್ಕೂ ಬೂದಿ ಚೆಲ್ಲಿದೆ. ಹೆಜ್ಜೆ ಮೂಡಿದರೆ ತಿಳಿಯುತ್ತದೆ.

ಡಿಸೆಂಬರ್ ೧೩

ಹೆಜ್ಜೆ ಇಲ್ಲ. ಪೊರಕೆಯ ಗುರುತಿದೆ. ನನಗಿಂತ ಮೊದಲೇ ಎದ್ದು ಗುಡಿಸಿಬಿಟ್ಟಿದ್ದಾಳೆ. "ಎಷ್ಟು ಬೂದಿ ಅಕ್ಕಾ, ಒಲೆ ನನ್ನ ಕಡೆ, ಬೂದಿ ನಿನ್ನ ಕಡೆ" ಅಂತ ಕೊಂಕು ಬೇರೆ. ಇವಳು ಪೆದ್ದಿಯೋ, ಮಹಾ ಜಾಣೆಯೋ, ಐದು ವರ್ಷವಾದರೂ ತಿಳಿಯಲಿಲ್ಲ.

ಜನವರಿ ೩, ೧೮೮೭

ಅಂಚೆಯವನು ಹೇಳಿದ್ದು: ಉತ್ತರದ ಕಡೆ ಒಬ್ಬ ಸ್ವೀಡಿಷ್ ವಿಧವೆಯ ಜಮೀನು ಹೋಯಿತಂತೆ. ಚಳಿ ತಾಳದೆ ಪಕ್ಕದವರ ಮನೆಯಲ್ಲಿ ಮಲಗುತ್ತಿದ್ದಳಂತೆ. ತಕರಾರು ಹಾಕಿದವನು ಆ ಪಕ್ಕದ ಮನೆಯವನೇ. ಲೊವೀನಾ "ಅಯ್ಯೋ ಪಾಪ" ಎಂದಳು. ನಾನು ಅವಳ ಮುಖ ನೋಡಿದೆ. ಅವಳು ಬೇಗ ಬಟ್ಟಲು ತೊಳೆಯಲು ಎದ್ದಳು.

ಕೆಮ್ಮು. ಎದೆಯಲ್ಲಿ ಕುಟುಕುತ್ತದೆ.

ಜನವರಿ ೨೪

ಎದ್ದು ಕೂತಿದ್ದು ಇವತ್ತೇ. ಜ್ವರ. ಉಗುರಿನ ತುದಿ ಕಪ್ಪು. ಅವಳು ಈರುಳ್ಳಿ ಸುಟ್ಟು ಎದೆಗೆ ಕಟ್ಟಿದಳು. ಒಲೆಯ ಹತ್ತಿರ ಬಾ ಎಂದು ದಿನಾ ಜಗಳ. ಬೆಣ್ಣೆಯಂಥ ಮಾತು. ಒಮ್ಮೆ ಹೋದರೆ ಸಾಕು, ಬೀಳುತ್ತೇನೆ ಬೋನಿಗೆ. ನನ್ನ ಗಂಡ ಹೋದ ಮೇಲೆ ಈ ನೆಲ ಒಂದೇ ನನ್ನದು. ಹೋದರೆ ಅಣ್ಣನ ಮನೆಯ ಹಿತ್ತಲ ಕೋಣೆ, ಅತ್ತಿಗೆಯ ಮುಸುರೆ. ಅದಕ್ಕಿಂತ ಇಲ್ಲೇ ಸೆಟೆದು ಹೋಗುವುದು ವಾಸಿ.

ಫೆಬ್ರವರಿ ೩

ಹಿಮಗಾಳಿ. ಹಗಲೇ ಕತ್ತಲು. ಬಣವೆ ಕಾಣುವುದಿಲ್ಲ. ಒಳಗಿರುವ ಹುಲ್ಲು ಇಷ್ಟೇ. ಬೆರಳು...

ಫೆಬ್ರವರಿ ೬. ಭಾನುವಾರ

ಬದುಕಿದ್ದೇನೆ. ಬರೆಯಲೇಬೇಕು, ಇಲ್ಲವಾದರೆ ನಾಳೆ ನಾನೇ ನಂಬುವುದಿಲ್ಲ.

ಗುರುವಾರ ಮಧ್ಯಾಹ್ನಕ್ಕೆ ಹುಲ್ಲು ಮುಗಿಯುತ್ತ ಬಂತು. ಒಲೆಯ ಬಿಸಿ ಗೆರೆಯವರೆಗೂ ಬರುತ್ತಿರಲಿಲ್ಲ. ನನಗೆ ನಡುಕ ನಿಂತು ನಿದ್ದೆ ಬರತೊಡಗಿತ್ತು, ಹಿತವಾಗಿತ್ತು. ಅದು ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಲೊವೀನಾ ಬಂದು ನನ್ನ ರಟ್ಟೆ ಹಿಡಿದು ಎಳೆದಳು. ನಾನು ಮಂಚದ ಕಾಲು ತಬ್ಬಿಕೊಂಡೆ. ಸತ್ತರೆ ನನ್ನ ನೆಲದಲ್ಲೇ ಸಾಯುತ್ತೇನೆ ಎಂದೆ.

"ಹೆಣದ ಹೆಸರಿಗೆ ಯಾವ ಸರ್ಕಾರ ಜಮೀನು ಬರ್ಕೊಡುತ್ತೆ, ಹೇಳು" ಎಂದಳು.

ನಾನು ಬಿಡಲಿಲ್ಲ. ನಿನ್ನ ಮತ್ತು ಕ್ರೌಡರನ ಆಟ ನನಗೆ ಗೊತ್ತು ಎಂದೂ ಹೇಳಿಬಿಟ್ಟೆ. ಎರಡು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಲ್ಲ ಕಕ್ಕಿದೆ. ಅವಳು ನನ್ನ ರಟ್ಟೆ ಬಿಟ್ಟು ತನ್ನ ಕಡೆ ಹೋದಳು. ಸರಿ, ಬಿಟ್ಟು ಹೋದಳು ಎಂದುಕೊಂಡೆ. ಮರ ಎಳೆಯುವ ಸದ್ದು. ಕಣ್ಣು ತೆರೆದರೆ, ತನ್ನ ಮಂಚ ಎಳೆದುಕೊಂಡು ಬರುತ್ತಿದ್ದಾಳೆ! ಗೆರೆ ದಾಟಿಸಿ ನನ್ನ ಮಂಚಕ್ಕೆ ಒತ್ತಿಸಿ ಇಟ್ಟಳು. ನಾಲ್ಕು ಕೌದಿ, ಗೋಣಿಚೀಲ, ಅವಳ ಭಾನುವಾರದ ಕೋಟು, ಎಲ್ಲ ನಮ್ಮಿಬ್ಬರ ಮೇಲೆ. ಕೋಳಿಗಳನ್ನೂ ಒಳಗೆ ತಂದು ಕಾಲ ಬಳಿ ಬಿಟ್ಟಳು. ನನ್ನ ಕೈ ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಮಲಗಿದಳು.

"ಈಗ ನಾನೂ ನನ್ನ ನೆಲ ಬಿಟ್ಟೆ. ನೀನೂ ನನ್ನ ಮೇಲೆ ಸಾಕ್ಷಿ ಹೇಳ್ಬೋದು. ಇಬ್ರೂ ಸಮ. ಇನ್ನಾದ್ರೂ ಬಾಯಿ ಮುಚ್ಚಿ ಮಲ್ಕೊ ಅಕ್ಕಾ."

ಗಾಳಿ ನಿಲ್ಲುವವರೆಗೆ ಹಾಗೇ ಇದ್ದೆವು. ನಡುನಡುವೆ ಎದ್ದು ಒಲೆಗೆ ಕುರ್ಚಿ ಮುರಿದು ಹಾಕಿದಳು. ತನ್ನ ಕುರ್ಚಿ, ನನ್ನದಲ್ಲ.

ಇದನ್ನೂ ಬರೆದಿಡುತ್ತೇನೆ. ಅವಳ ಜಮೀನೂ ಈಗ ನನ್ನ ನಾಲಿಗೆಯ ಮೇಲಿದೆ ಎಂದು ಹೊಳೆದಾಗ ನನಗೆ ಖುಷಿಯಾಯಿತು. ಅವಳ ಕಂಕುಳಲ್ಲಿ ಕೈ ಇಟ್ಟುಕೊಂಡೇ ಖುಷಿಪಟ್ಟೆ. ನಾಚಿಕೆ ಆಮೇಲೆ ಬಂತು.

ಮಾರ್ಚ್ ೧೭

ಹಿಮ ಕರಗುತ್ತಿದೆ. ಎಡಗೈಯ ಕಿರುಬೆರಳ ತುದಿ ಹೋಯಿತು. ಹೋಗಲಿ.

ಲೊವೀನಾ ತೊರೆಗೆ ಬಟ್ಟೆ ಒಗೆಯಲು ಹೋದಾಗ ಕ್ರೌಡರ್ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬಹಳ ಮರ್ಯಾದೆ. ಬಿರುಗಾಳಿಯಲ್ಲಿ ಹೇಗಿದ್ದಿರಿ, ಒಲೆ ಸಾಕಾಯಿತೇ, ಮಿಸ್ ಬ್ರಾಂಡ್ ಎಲ್ಲಿ ಮಲಗಿದ್ದರು... ಅಲ್ಲಿಗೆ ಬಂತು ಮಾತು. ಯಾಕೆ ಕೇಳುತ್ತೀರಿ ಎಂದೆ.

"ನೋಡಿ ಮಿಸೆಸ್ ಟಿಲ್ಡನ್, ಬಿಚ್ಚಿ ಹೇಳ್ತೀನಿ. ನಿಮ್ಮಿಬ್ರಲ್ಲಿ ಯಾರು ಮೊದಲು ಬಾಯಿ ಬಿಡ್ತಾರೋ ಅವರ ತಂಟೆಗೆ ನಾನು ಬರಲ್ಲ. ಇನ್ನೊಬ್ಬರ ಜಮೀನಿಗೆ ತಕರಾರು ಹಾಕ್ತೀನಿ. ನನಗೆ ಒಂದು ಸಿಕ್ಕಿದ್ರೆ ಸಾಕು. ಡಿಸೆಂಬರಲ್ಲಿ ಅವಳನ್ನೂ ಇದೇ ಕೇಳಿದ್ದೆ."

ಅವಳು ಏನಂದಳು ಎಂದು ಕೇಳಿದೆ.

"ನಕ್ಕಳು. 'ನಮ್ಮಕ್ಕ ಸ್ವರ್ಗಕ್ಕೆ ಕರೆದ್ರೂ ಗೆರೆ ದಾಟೋಳಲ್ಲ' ಅಂದ್ಲು. ಆದ್ರೆ ಅದು ಡಿಸೆಂಬರ್ ಮಾತು. ಆ ಬಿರುಗಾಳೀಲಿ ನೀವಿಬ್ರೂ ಒಂದೇ ಕಡೆ ಮಲಗಿರ್ಲೇಬೇಕು, ಈಗ ಅವಳಿಗೂ ಭಯ ಇದೆಯಲ್ಲ. ಭಯ ಬಿದ್ದೋರು ನಗಲ್ಲ."

ಹೋಗಿ, ಯೋಚಿಸುತ್ತೇನೆ ಎಂದೆ. ಯೋಚಿಸುತ್ತೇನೆ ಎಂದು ಏಕೆ ಹೇಳಿದೆ? ಪೊರಕೆ ತೆಗೆದುಕೊಂಡು ಅಟ್ಟಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ ಅದು.

ಅವನು ನಿಜ ಹೇಳಿದನೇ? ಅವಳೇ ಅವನನ್ನು ಕಳಿಸಿ ನನ್ನನ್ನು ಪರೀಕ್ಷಿಸಿದಳೇ? ಅವಳು ಒದ್ದೆ ಬಟ್ಟೆ ಹೊತ್ತು ಬಂದಳು. ಹೊಸಿಲ ಬಳಿ ಅವನ ಬೂಟಿನ ಕೆಸರು ನೋಡಿದಳು. ಯಾರು ಬಂದಿದ್ದರು ಎಂದು ಕೇಳಲಿಲ್ಲ. ಕೇಳಬೇಕಿತ್ತಲ್ಲ?

ಏಪ್ರಿಲ್ ೨

ತೊರೆಯ ಬಳಿ ಅವಳು, ದಂಡೆಯ ಮೇಲೆ ಕ್ರೌಡರ್. ಬಹಳ ಹೊತ್ತು ಮಾತು. ಈ ಸಲ ಅವಳು ನಗಲಿಲ್ಲ.

ಏಪ್ರಿಲ್ ೧೨. ಮಂಗಳವಾರ. ಪೇಟೆ, ಜಮೀನು ಕಚೇರಿ

ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು.

ನಿನ್ನೆ ಇಡೀ ದಿನ ಒಂದೇ ಗಾಡಿಯಲ್ಲಿ ಬಂದೆವು. ಅವಳು ಕೋಳಿಮರಿಗಳ ವಿಷಯ ಮಾತಾಡಿದಳು, ಹೊಸ ಒಲೆಯ ವಿಷಯ ಮಾತಾಡಿದಳು. ನಾಳೆ ಏನು ಹೇಳುತ್ತೀ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಕೇಳಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ. ಅವಳಿಗೂ ಹಾಗೇ ಇರಬಹುದು. ಇಲ್ಲದೆಯೂ ಇರಬಹುದು.

ಐದು ವರ್ಷ ನೆಲ ಬಿಡಲಿಲ್ಲ ಎಂದು ಪ್ರಮಾಣ ಮಾಡಲು ನನಗೆ ಅವಳು ಸಾಕ್ಷಿ, ಅವಳಿಗೆ ನಾನು. ಪಾದ್ರಿ ಇಬ್ಬರಿಗೂ ಹೇಳಿ ಹೋದರು, ಅವರಿಗೆ ಕಡುಬು ಬಿಟ್ಟು ಬೇರೇನೂ ನೆನಪಿಲ್ಲ. ಕ್ರೌಡರ್ ಒಳಗೆ ಮೂಲೆಯಲ್ಲಿ ಕೂತಿದ್ದಾನೆ, ಟೋಪಿ ತೊಡೆಯ ಮೇಲೆ. ಲೊವೀನಾಳನ್ನು ಮೊದಲು ಕರೆದರು. ನನ್ನ ಬಗ್ಗೆ ಹೇಳಲು. ಬಾಗಿಲು ಹಾಕಿಕೊಂಡಿತು.

ಬಹಳ ಹೊತ್ತಾಯಿತು. ಒಂದು ಪ್ರಶ್ನೆಗೆ ಇಷ್ಟು ಹೊತ್ತೇ? ಹೌದು ಅಥವಾ ಇಲ್ಲ, ಅಷ್ಟೇ ತಾನೆ. ಕ್ರೌಡರನ ದನಿ ಕೇಳಿಸಿತು. ಅವಳದು ಕೇಳಿಸಲಿಲ್ಲ. ಅವಳು ಯಾವತ್ತೂ ಇಷ್ಟು ಮೆಲ್ಲಗೆ ಮಾತಾಡಿದವಳಲ್ಲ.

ಬಂದಳು. ಮುಖ ಬಿಳಿಚಿದೆ. ನನ್ನ ಕಡೆ ನೋಡಲಿಲ್ಲ. ಬೆಂಚಿನ ಆ ತುದಿಯಲ್ಲಿ ಕೂತು ಕೈಗವಸು ಹಾಕಿಕೊಳ್ಳುತ್ತಿದ್ದಾಳೆ, ಬೆರಳು ಸರಿಯಾಗಿ ಹೋಗುತ್ತಿಲ್ಲ. ಕೇಳಲೇ? ಗುಮಾಸ್ತ ಇಲ್ಲೇ ನಿಂತಿದ್ದಾನೆ, ಮಾತಾಡುವಂತಿಲ್ಲ ಎಂದ. ಮುಂದಿನವಳು ನಾನೇ.

ಅವಳು ಮಾರಿದ್ದಾಳೋ ಉಳಿಸಿದ್ದಾಳೋ ತಿಳಿಯದು. ಒಳಗೆ ಹೋಗಿ ಬೈಬಲ್ ಮುಟ್ಟುವವರೆಗೂ ತಿಳಿಯುವುದಿಲ್ಲ. ಅದನ್ನು ಮುಟ್ಟಿ ನಾನು ಇವತ್ತಿನವರೆಗೆ ಸುಳ್ಳು ಹೇಳಿದವಳಲ್ಲ. ನಿಜ ಹೇಳಿದರೆ ಅವಳ ನೆಲ ಹೋಗುತ್ತದೆ, ಅವಳು ಬಾಯಿ ಬಿಟ್ಟಿರದಿದ್ದರೆ ನನ್ನದು ಉಳಿಯುತ್ತದೆ. ಸುಳ್ಳು ಹೇಳಿದರೆ, ಅವಳು ಆಗಲೇ ನನ್ನನ್ನು ಮಾರಿದ್ದರೆ, ನನಗೆ ನೆಲವೂ ಇಲ್ಲ, ದೇವರೂ ಇಲ್ಲ.

ಅವಳು ಇನ್ನೂ ಕೈಗವಸಿನ ಬೆರಳು ಹುಡುಕುತ್ತಿದ್ದಾಳೆ. ಅಂದು ಅವಳ ಕಂಕುಳಲ್ಲಿದ್ದ ನನ್ನ ಕೈ ಬೆಚ್ಚಗೇ ಇದೆ.

ಹೆಸರು ಕೂಗಿದರು. ಹೇಳುತ್ತೇನೆ. ಏನಾದರೂ ಆಗಲಿ, ಇದನ್ನೇ ಹೇಳುತ್ತೇನೆ: ಲೊವೀನಾ ಬ್ರಾಂಡ್ ಈ ಐದು ವರ್ಷದಲ್ಲಿ ಒಂದೇ ಒಂದು ರಾತ್ರಿಯೂ ತನ್ನ ನೆಲ ಬಿಟ್ಟು...