ಬಂಗಾರದ ಕೂದಲಿನ ನಾಯಕಿಯರು ಮತ್ತು ನೀನು

ನನ್ನ ಸರಸು ದೊಡ್ಡಮ್ಮನಿಗೆ,

ನಾವಿಬ್ಬರೂ ಮಾತಾಡಿದ್ದೆಲ್ಲ ತುಳುವಿನಲ್ಲಿ. ಬರೆಯಲು ಕೂತರೆ ಮಾತ್ರ ಕೈ ಶಾಲೆಯ ಕನ್ನಡಕ್ಕೇ ಹೋಗುತ್ತದೆ. ನಿನಗೆ ಸುಲಭವಾಗಲಿ ಎಂದು ಅಕ್ಷರ ದೊಡ್ಡದು ಮಾಡುತ್ತಿದ್ದೇನೆ. ನೀನು ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಓದುವವಳಲ್ಲವಾ? ಹೂಡೆಯ ಮನೆಯಲ್ಲಿ, ನಿನ್ನ ಹಿಂದಿನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮದುವೆಯಾಗಿ ಕಾರ್ಕಳಕ್ಕೆ ಹೋದವಳು ಇಲ್ಲಿ ಯಾಕೆ ಇದ್ದೇನೆ ಎಂದು ನೀನು ಕೇಳುವುದು ಗೊತ್ತು. ಹೇಳುತ್ತೇನೆ. ಅದಕ್ಕೂ ಮೊದಲು ನಿನ್ನ ಬಗ್ಗೆ ನಿನಗೇ ಹೇಳಬೇಕು ಅನಿಸುತ್ತಿದೆ.

ಶನಿವಾರದ ಮಧ್ಯಾಹ್ನಗಳು ಕಣ್ಣ ಮುಂದೆ ಬರುತ್ತವೆ. ಮನೆಮನೆಗೆ ಮೀನು ಮಾರಿ ಬಂದ ಅಜ್ಜಿ ಬುಟ್ಟಿ ಕವುಚಿಟ್ಟು, ಕೈಯ ವಾಸನೆ ಹೋಗುವಷ್ಟು ತೊಳೆದು, ತೆಂಗಿನ ಗೆರಟೆಯಲ್ಲಿ ಕಪ್ಪು ಬಣ್ಣದ ಪುಡಿ ಕಲಸುತ್ತಿದ್ದಳು. ನೀನು ಅವಳ ಮೊಣಕಾಲಿನ ನಡುವೆ ಕೂರುತ್ತಿದ್ದೆ. ಬೈತಲೆಯಲ್ಲಿ ಆಗ ತಾನೇ ಒಡೆದ ಹೊಂಬಾಳೆಯ ಬಣ್ಣದ ಕೂದಲು ಇಣುಕುತ್ತಿತ್ತು. ಅದನ್ನು ಅಜ್ಜಿ ಬುಡದವರೆಗೂ ಮುಚ್ಚುತ್ತಿದ್ದಳು. ಹುಬ್ಬಿಗೆ ಕಾಡಿಗೆ. ಸಣ್ಣವಳಾದ ನನಗೆ ಅದು ಎಲ್ಲರ ಮನೆಯಲ್ಲೂ ನಡೆಯುವ ಕೆಲಸ ಅನಿಸಿತ್ತು, ಉಗುರು ಕತ್ತರಿಸಿದ ಹಾಗೆ. ಎಲ್ಲರ ದೊಡ್ಡಮ್ಮಂದಿರೂ ಹಾಲಿನಷ್ಟು ಬಿಳಿ ಇರುವುದಿಲ್ಲ, ಎಲ್ಲರ ದೊಡ್ಡಮ್ಮಂದಿರ ಕಣ್ಣುಗಳೂ ಬೆಳಕಿಗೆ ಅದುರುವುದಿಲ್ಲ ಎಂದು ತಿಳಿಯಲು ನನಗೆ ಎಷ್ಟು ವರ್ಷ ಬೇಕಾಯಿತು!

ನೀನು ಹುಟ್ಟಿದಾಗಿನ ಕಥೆಯನ್ನು ಅಮ್ಮ ಒಮ್ಮೆ ಹೇಳಿದ್ದಳು. ನಿನ್ನ ತಂಗಿ ಅವಳು, ಹುಟ್ಟಿದ್ದೇ ಆಮೇಲೆ. ಅವಳಿಗೂ ಯಾರೋ ಹೇಳಿದ್ದು. ತಲೆತುಂಬ ಬಿಳಿ ಬಂಗಾರ ಹೊತ್ತು ಬಂದ ಮಗುವನ್ನು ನೋಡಿದ ಜನ, "ಯಾವ ಪರಂಗಿಯವನದ್ದು ಇದು?" ಎಂದು ಅಜ್ಜಿಯನ್ನು ಕೇಳಿದರಂತೆ. ಬುಟ್ಟಿ ಹೊತ್ತು ಹತ್ತು ಮನೆಯ ಅಂಗಳ ಮೆಟ್ಟುವವಳಿಗೆ ಆ ಮಾತು ಎಲ್ಲಿ ಚುಚ್ಚಿರಬೇಕು? ಶಾಲೆಯಲ್ಲಿ ನಿನಗೆ ಬೋರ್ಡು ಕಾಣಲಿಲ್ಲ. ಮಕ್ಕಳು ದೊರೆಸಾನಿ ಎಂದು ಕೂಗಿದರು. ಎರಡನೇ ಕ್ಲಾಸಿಗೇ ಮನೆ ಸೇರಿದೆ. ಮತ್ತೆ ಬಲೆ ರಿಪೇರಿ, ಅಡುಗೆ, ಹಿತ್ತಿಲಲ್ಲಿ ಮೀನು ಒಣಗಿಸುವುದು. ಕತ್ತಲಾಗುವ ಹೊತ್ತಿಗೆ ಸ್ವರ್ಣಾ ನದಿಯ ದಡದವರೆಗೆ ಒಂದು ನಡಿಗೆ. ಅಷ್ಟೇ ನಿನ್ನ ಲೋಕ.

ನಾನು ಮಣಿಪಾಲದ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ, ಸಹೋದ್ಯೋಗಿಯೊಬ್ಬಳು ಒಂದು ಪೆನ್‌ಡ್ರೈವ್ ತುಂಬ ಹಳೆಯ ಇಂಗ್ಲಿಷ್ ಸಿನಿಮಾ ಹಾಕಿ ಕೊಟ್ಟಿದ್ದಳು. ಒಂದು ಭಾನುವಾರ ಇದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಹಡಗಿನ ಮೇಲೆ ಒಬ್ಬ ಹಾಡುಗಾರ್ತಿ, ಹಿಂದಿನಿಂದ ದೀಪ, ತಲೆಯ ಸುತ್ತ ಬೆಳಕಿನ ಚಕ್ರ. ನೀನು ಬಲೆ ಕೆಳಗಿಟ್ಟು ಬಂದು ಪರದೆಗೆ ಮುಖ ಹಚ್ಚಿದೆ.

"ಇವಳಿಗೆ ಎಂತ ರೋಗ?" ಎಂದೆ.

"ರೋಗ ಅಲ್ಲ ದೊಡ್ಡಮ್ಮ, ಹೀರೋಯಿನ್ ಇವಳು."

"ಈ ಕೂದಲು ಇಟ್ಟುಕೊಂಡಾ?"

"ಈ ಕೂದಲಿಗೇ ಜನ ಟಿಕೆಟಿಗೆ ಸಾಲು ನಿಲ್ತಿದ್ರು."

ನೀನು ಲ್ಯಾಪ್‌ಟಾಪನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ. ಮತ್ತೆ, "ಮೊದಲಿಂದ ಹಾಕು ಮಾರಾಯ್ತಿ," ಎಂದೆ.

ಅಲ್ಲಿಂದ ಪ್ರತಿ ಭಾನುವಾರ ಅದೇ ಆಯಿತು, ನೆನಪುಂಟಾ? ನಾನು ಪಕ್ಕದಲ್ಲಿ ಕೂತು ತುಳುವಿನಲ್ಲಿ ಕಥೆ ಹೇಳಬೇಕು. ಅವರ ಹೆಸರು ನಿನ್ನ ಬಾಯಿಗೆ ಬರುತ್ತಿರಲಿಲ್ಲ, ನೀನೇ ಹೆಸರಿಟ್ಟೆ. ಕೆನ್ನೆಯಲ್ಲಿ ಮಚ್ಚೆ ಇದ್ದು ಸದಾ ನಗುತ್ತಿದ್ದವಳು ಮಚ್ಚೆಯವಳು. ಗೆರೆ ಎಳೆದಂಥ ಹುಬ್ಬಿನ, ಗಂಡಸರ ಕೋಟು ಹಾಕಿ ಸಿಗರೇಟು ಹಿಡಿಯುವವಳು ಹುಬ್ಬಿನವಳು. ಬಿಳಿ ಕೈಗವಸು ಹಾಕಿಕೊಂಡು, ಒಳಗೆ ಬೆಂಕಿ ಇಟ್ಟುಕೊಂಡು, ಹೊರಗೆ ತಣ್ಣಗೆ ಕೂರುವವಳು ಐಸಿನವಳು. ಮಚ್ಚೆಯವಳ ತಮಾಷೆಯ ಸಿನಿಮಾ ನಿನಗೆ ಅಷ್ಟು ಹಿಡಿಸಲಿಲ್ಲ. "ಪಾಪ, ನಗಬೇಕು ಅಂತ ಹೇಳಿ ನಗಿಸ್ತಿದ್ದಾರೆ ಅವಳನ್ನು," ಎಂದಿದ್ದೆ. ಐಸಿನವಳು ದೊಡ್ಡ ಬಂಗಲೆಯಲ್ಲಿ ಗಂಡನ ಕಾವಲಿನಲ್ಲಿ ಇರುವ ಕಥೆಯನ್ನು ಮಾತ್ರ ಮತ್ತೆ ಮತ್ತೆ ಹಾಕಿಸಿದೆ. ಅವಳು ಕಿಟಕಿಯ ಪರದೆ ಸರಿಸುವಾಗ ನಿನ್ನ ಕೈಯೂ ಸ್ವಲ್ಪ ಮೇಲೇಳುತ್ತಿತ್ತು.

ಇನ್ನೊಂದು ದಿನ, ಕಪ್ಪು ಬಿಳುಪಿನ ಕೊಲೆಯ ಸಿನಿಮಾ ನೋಡುವಾಗ ನೀನು ಕೇಳಿದೆ: "ಬಣ್ಣವೇ ಇಲ್ಲದ ಸಿನಿಮಾದಲ್ಲಿ ಇದು ಬಂಗಾರ ಅಂತ ಹೇಗೆ ಗೊತ್ತಾಗುವುದು?" ನನಗೂ ಗೊತ್ತಿರಲಿಲ್ಲ. ಲೈಬ್ರರಿಯಲ್ಲಿ ಹುಡುಕಿ ಓದಿ ಬಂದು ಹೇಳಿದೆ. ಬೆಳಕು ಹಿಡಿದುಕೊಳ್ಳಲಿ ಎಂದು ಕೂದಲನ್ನು ಬಹುತೇಕ ಬಿಳಿ ಮಾಡುತ್ತಿದ್ದರು. ಇವರಲ್ಲಿ ಹೆಚ್ಚಿನವರು ಹುಟ್ಟಿದ್ದು ಕಂದು ಕೂದಲಿನಲ್ಲಿ. ಬಣ್ಣ ತೆಗೆಯುವ ಔಷಧ ಹಾಕಿ ಹಾಕಿ ಕೆಲವರ ಕೂದಲು ಉದುರಿಯೇ ಹೋಗಿತ್ತು. ನೀನು ಬಲೆಯ ಸೂಜಿಯನ್ನು ಹಾಗೇ ಹಿಡಿದುಕೊಂಡು ಕೂತೆ.

"ಹಾಕಿಸಿದ್ದು ಯಾರು?"

"ಸಿನಿಮಾ ಕಂಪನಿಯವರು. ಎಂತ ತಿನ್ನಬೇಕು, ಯಾರ ಜೊತೆ ತಿರುಗಬೇಕು, ಎಲ್ಲ ಅವರೇ ಹೇಳುವುದು. ಸಹಿ ಹಾಕಿದ ಮೇಲೆ ಬಿಟ್ಟುಹೋಗಲಿಕ್ಕೆ ಆಗ್ತಿರಲಿಲ್ಲ."

"ಹಾಗಾದರೆ ಅವರಿಗೂ ಒಬ್ಬಳು ಅಮ್ಮ ಇದ್ದಳು," ಎಂದೆ ನೀನು.

ನಕ್ಕೆವು. ಆದರೆ ಮುಂದಿನ ಶನಿವಾರ ಅಜ್ಜಿ ಗೆರಟೆ ಹಿಡಿದು ಕರೆದಾಗ ನೀನು ಏಳಲೇ ಇಲ್ಲ.

ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. "ಸಾಯುವ ಕಾಲಕ್ಕೆ ನನ್ನ ಮರ್ಯಾದೆ ತೆಗೀತೀಯಾ?" ಎಂದು ಅಜ್ಜಿ ಅತ್ತಳು. ನೀನು ಎರಡು ತಿಂಗಳು ಕೂದಲನ್ನು ಹಾಗೇ ಬಿಟ್ಟೆ. ಕಪ್ಪಿನ ಕೆಳಗಿನಿಂದ ನಿನ್ನದೇ ಬಣ್ಣ ಇಳಿದು ಬರುತ್ತಿತ್ತು. ಅಮ್ಮನ ಕೈಕನ್ನಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೀನು ಒಂದು ಬದಿಗೆ ತಲೆ ಓರೆ ಮಾಡಿದ್ದನ್ನು ನಾನು ಬಾಗಿಲಿನಿಂದ ನೋಡಿ, ಸದ್ದಾಗದ ಹಾಗೆ ಹಿಂದೆ ಸರಿದೆ. ಅಷ್ಟು ಚೆಂದ...

ಅದೇ ಹೊತ್ತಿಗೆ ಕಾರ್ಕಳದಿಂದ ನನಗೆ ಸಂಬಂಧ ಬಂತು. ಹರೀಶ ಒಳ್ಳೆಯವನು, ಮಾತಾಡಿ ನೋಡಿದ್ದೆ, ಇಷ್ಟವಾಗಿದ್ದ. ಅವರು ಬರುವ ದಿನ ಬೆಳಿಗ್ಗೆ ನೀನೇ ಗೆರಟೆ ತೆಗೆದುಕೊಂಡು ಅಜ್ಜಿಯ ಮುಂದೆ ಕೂತೆ. ಅಷ್ಟಾದರೂ ಅಜ್ಜಿಗೆ ಧೈರ್ಯ ಸಾಲಲಿಲ್ಲ. ಕೋಣೆಯಲ್ಲೇ ಇರು ಎಂದಳು. ಕರೆಯಲು ಬಂದ ನಾನು ಬಾಗಿಲು ದೂಡಿದರೆ ಚಿಲಕ ಒಳಗಿನಿಂದ ಬಿದ್ದಿತ್ತು. "ದೊಡ್ಡಮ್ಮ, ತೆಗಿ. ನೀನಿಲ್ಲದೆ ನಾನು ಅವರ ಮುಂದೆ ಹೋಗುವುದಿಲ್ಲ." ನೀನು ಒಳಗಿನಿಂದ, "ಕಾಫಿ ತಣೀತದೆ, ಹೋಗು," ಎಂದೆ.

ಚಾವಡಿಯಲ್ಲಿ ಎಲ್ಲರೂ ಕೂತಿರುವಾಗ ನಿನಗೆ ಕೆಮ್ಮು ಬಂತು. ಹರೀಶನ ಅಮ್ಮ ಕಾಫಿ ಲೋಟ ಕೆಳಗಿಟ್ಟು, "ಒಳಗೆ ಯಾರು?" ಎಂದು ಕೇಳಿದರು. "ಯಾರೂ ಇಲ್ಲ, ಬಲೆ ಇಡುವ ಕೋಣೆ ಅದು," ಎಂದಳು ಅಜ್ಜಿ. ಮತ್ತೊಮ್ಮೆ ಕೆಮ್ಮು. ಆಗ ನಾನು ಹೇಳಿದೆ: "ನನ್ನ ದೊಡ್ಡಮ್ಮ ಇದ್ದಾರೆ. ಹುಟ್ಟಿನಿಂದ ಬಿಳಿ. ಇಂಥವರು ಎಲ್ಲ ಕಡೆಯೂ ಹುಟ್ಟುತ್ತಾರೆ, ರೋಗ ಅಲ್ಲ." ಹರೀಶನ ಅಮ್ಮ ಎದ್ದು ನಿಂತರು. ಹೊರಗೆ ಅವರ ಕಾರು ಹೊರಟ ಸದ್ದು ನಿನಗೂ ಕೇಳಿರಬೇಕು.

ವಾರ ಕಳೆದು ಫೋನು ಬಂತು. ಹುಡುಗಿ ಆಗಬಹುದು, ಆದರೆ ಆ ಹೆಂಗಸು ಮಂಟಪಕ್ಕೆ ಬರಬಾರದು. ನಾನು ಬೇಡವೇ ಬೇಡ ಎಂದೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನಿನಗೆ! ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದೆ. "ನನ್ನ ದೆಸೆಯಿಂದ ನಿನ್ನ ಮದುವೆ ತಪ್ಪಿದರೆ ಈ ಕೋಣೆ ನನಗೆ ಇನ್ನೂ ಸಣ್ಣದಾಗ್ತದೆ. ನಿನಗೆ ಅರ್ಥ ಆಗುದಿಲ್ವಾ? ಹೋಗು. ಒಬ್ಬಳಾದರೂ ಹೋಗು." ಕಾಪುವಿನ ಕಲ್ಯಾಣ ಮಂಟಪದಲ್ಲಿ ಮದುವೆಯಾಯಿತು. ನೀನು ಮನೆ ಕಾದೆ. ಹರೀಶ ತಲೆ ತಗ್ಗಿಸಿಕೊಂಡೇ ತಾಳಿ ಕಟ್ಟಿದ. ಅಮ್ಮನ ಎದುರು ಮಾತಾಡಲಿಕ್ಕೆ ಅವನಿಗೆ ಆಗಲೂ ಬರುತ್ತಿರಲಿಲ್ಲ, ಈಗಲೂ...

ನಿನ್ನ ಕುತ್ತಿಗೆಯ ಹಿಂದಿನ ಹುಣ್ಣನ್ನು ನಾನು ನೋಡಿದ್ದು ದೀಪಾವಳಿಗೆ ಬಂದಾಗ. ನೀನು ಸೆರಗು ಹೊದ್ದು ಮುಚ್ಚಿಟ್ಟಿದ್ದೆ. ನಾನು ನಿನ್ನನ್ನು ಮಣಿಪಾಲದ ಆಸ್ಪತ್ರೆಗೆ ಎಳೆದುಕೊಂಡೇ ಹೋದೆ. ಚರ್ಮದ ಕ್ಯಾನ್ಸರ್, ಒಳಗೆ ಹರಡಿದೆ ಎಂದರು ಡಾಕ್ಟರು. "ಇವರು ಬಿಸಿಲಿಗೆ ಹೋಗಲೇಬಾರದಿತ್ತು, ಹೋಗ್ತಿದ್ದರಾ?" ಎಂದು ಕೇಳಿದಾಗ ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ಜನ ಮಲಗಿರುವ ನಡುಮಧ್ಯಾಹ್ನವೇ ಅಲ್ಲವೇ ನೀನು ಹಿತ್ತಿಲಲ್ಲಿ ಮೀನು ಒಣಗಿಸುತ್ತಿದ್ದದ್ದು? ನಿನ್ನನ್ನು ಜನರಿಂದ ಬಚ್ಚಿಟ್ಟಿದ್ದರು ದೊಡ್ಡಮ್ಮ, ಬಿಸಿಲಿನಿಂದ ಯಾರೂ ಬಚ್ಚಿಡಲಿಲ್ಲ.

ವಾರ್ಡಿನಲ್ಲಿ ನಿನ್ನ ಕೂದಲಿಗೆ ಬಣ್ಣ ಹಾಕುವವರು ಯಾರೂ ಇರಲಿಲ್ಲ. ಮೊಬೈಲಿನಲ್ಲಿ ಐಸಿನವಳ ಸಿನಿಮಾ ಹಾಕಿ ನಿನ್ನ ಮುಖದ ಹತ್ತಿರ ಹಿಡಿಯುತ್ತಿದ್ದೆ. ತಲೆ ಬಾಚುತ್ತಿದ್ದ ನರ್ಸ್ ಹುಡುಗಿ ಪರದೆ ನೋಡಿ, ನಿನ್ನನ್ನು ನೋಡಿ, "ಇವರ ಅಕ್ಕ ತಂಗಿಯಾ ನೀವು?" ಎಂದು ತಮಾಷೆ ಮಾಡಿದಳು. ನೀನು ಗಂಭೀರವಾಗಿ, "ಅವಳದ್ದು ಹಾಕಿಸಿದ್ದು. ನನ್ನದು ಹುಟ್ಟಿನದ್ದು," ಎಂದೆ. ಆ ಹುಡುಗಿ ಎಷ್ಟು ನಕ್ಕಳು! ಅದಾಗಿ ಸ್ವಲ್ಪ ದಿನಕ್ಕೇ ನೀನು ನಮ್ಮನ್ನೆಲ್ಲ ಬಿಟ್ಟು ಹೊರಟೆ.

ಈಗ ಹೇಳುತ್ತೇನೆ, ನಾನು ಇಲ್ಲಿ ಯಾಕೆ ಇದ್ದೇನೆ ಎಂದು. ಹೆರಿಗೆಗೆ ಬಂದವಳು ಇಲ್ಲೇ ಉಳಿದೆ. ಹೆಣ್ಣು ಮಗು ದೊಡ್ಡಮ್ಮ. ಹುಟ್ಟಿದ ಕೂಡಲೇ ಲೇಬರ್ ರೂಮಿನಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾದರು; ನನಗೆ ಆಗಲೇ ಗೊತ್ತಾಯಿತು. ಕೂದಲು ನಿನ್ನದೇ. ಕಣ್ಣಿನ ರೆಪ್ಪೆ ಕೂಡ. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಇದ್ದರೆ ಮಾತ್ರ ಹೀಗೆ ಹುಟ್ಟುವುದು ಎಂದು ಡಾಕ್ಟರು ಹರೀಶನಿಗೆ ಬಿಡಿಸಿ ಹೇಳಿದರು. ಅಂದರೆ ಕಾರ್ಕಳದ ಆ ಮನೆಯಲ್ಲೂ ಇದು ಉಂಟು, ಯಾರ ಕಣ್ಣಿಗೂ ಕಾಣದೆ. ಅವನ ಅಮ್ಮ ಬಂದರು, ತೊಟ್ಟಿಲು ನೋಡಿದರು, "ಮುಂದೆ ಕಪ್ಪಾಗ್ತದಾ?" ಎಂದು ಕೇಳಿದರು, ಹೋದರು. ಮತ್ತೆ ಬರಲಿಲ್ಲ. ಹರೀಶ ಭಾನುವಾರ ಬಂದು ಮಗುವನ್ನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಾನೆ. ಹೊರಡುವಾಗ, "ಸ್ವಲ್ಪ ದಿನ ಇಲ್ಲೇ ಇರು, ಅಮ್ಮ ಸರಿಯಾಗಲಿ," ಎನ್ನುತ್ತಾನೆ. ಸ್ವಲ್ಪ ದಿನ ಎಂದರೆ ಎಷ್ಟು?

ನಿನ್ನ ತಂಗಿಯೇ ಕಿಟಕಿಗೆ ಚಾದರ ಕಟ್ಟಿದ್ದಾಳೆ. ನೋಡಲು ಬಂದವರಿಗೆ, ಮಗುವಿಗೆ ಜ್ವರ, ಮಲಗಿದೆ ಎನ್ನುತ್ತಾಳೆ. ದಿನಾ ಕಡಿಯಾಳಿಯ ದೇವಸ್ಥಾನಕ್ಕೆ ಹೋಗಿ ಬಂದು ಮಗುವಿನ ತಲೆ ನೋಡುತ್ತಾಳೆ. ಅವಳನ್ನು ಬೈಯಲು ಬಾಯಿ ಬರುವುದಿಲ್ಲ, ಅವಳು ಅಳುತ್ತಾಳೆ. ನಾಲ್ಕು ಗೋಡೆ, ಒಂದು ತೊಟ್ಟಿಲು. ಹೊರಗೆ ಪರಿಚಯದ ಧ್ವನಿ ಕೇಳಿದರೆ ಮಗು ಅಳದಿರಲಿ ಎಂದು ನಾನೇ ತಟ್ಟುತ್ತೇನೆ, ಗೊತ್ತಾ? ನನ್ನ ಕೈ ತಾನಾಗಿಯೇ ಹಾಗೆ ಮಾಡುತ್ತದೆ. ನೀನು ಒಳಗಿನಿಂದ ಚಿಲಕ ಹಾಕಿದ್ದು ನನಗೆ ಈಗ ಅರ್ಥವಾಗುತ್ತಿದೆ.

ನಿನ್ನೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ತೊಂಬತ್ತರ ಹತ್ತಿರ, ಕಣ್ಣು ಮಂಜು. ಮಗುವಿನ ತಲೆಗೆ ಎಣ್ಣೆ ಹಚ್ಚಿದಳು. ಅಮ್ಮ ಅವಳ ಕಿವಿಯ ಹತ್ತಿರ, ದೊಡ್ಡದಾದ ಮೇಲೆ ಬಣ್ಣ ಹಾಕಿದರೆ ಯಾರಿಗೂ ಗೊತ್ತಾಗುದಿಲ್ಲ ಅಲ್ವಾ, ಎಂದು ಕೇಳಿದಳು. ಅಜ್ಜಿಯ ಕೈ ನಿಂತಿತು. "ಬೇಡ," ಎಂದಳು. "ನಾನು ಹಾಕಿದ್ದು ಸಾಕು." ಮತ್ತೆ ಎಣ್ಣೆ ಹಚ್ಚುತ್ತಲೇ ಇದ್ದಳು, ಬೇಕಾದ್ದಕ್ಕಿಂತ ಬಹಳ ಹೊತ್ತು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಚಾದರ ಮಾತ್ರ ಇನ್ನೂ ಹಾಗೇ ಉಂಟು.

ನಾಳೆ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರನ್ನು ನೋಡಲಿಕ್ಕುಂಟು. ಕನ್ನಡಕ ಹಾಕಿದರೆ, ಮೊದಲ ಬೆಂಚಿನಲ್ಲಿ ಕೂರಿಸಿದರೆ ಇಂಥ ಮಕ್ಕಳು ಓದುತ್ತಾರಂತೆ, ಎಷ್ಟು ಬೇಕಾದರೂ ಓದುತ್ತಾರಂತೆ. ನಿನಗೆ ಇದನ್ನು ಯಾರೂ ಹೇಳಲಿಲ್ಲ. ಕತ್ತಲಿರುವಾಗಲೇ ಬಾಡಿಗೆ ಕಾರಿನಲ್ಲಿ ಹೊರಟುಬಿಡೋಣ ಎಂದು ಅಮ್ಮ ಹೇಳಿದಳು. ಬೇಡ, ಒಂಬತ್ತರ ಬಸ್ಸಿಗೆ ಹೋಗುತ್ತೇನೆ ಎಂದೆ. ಹರೀಶನಿಗೂ ಫೋನು ಮಾಡಿ ಹೇಳಿದೆ, ನೋಡ್ತೇನೆ ಎಂದಿದ್ದಾನೆ. ಅವನು ಬಂದರೆ ಬರಲಿ. ಬರದಿದ್ದರೂ ನಾನು ಹೋಗುವವಳೇ. ಹೂಡೆಯ ಅರ್ಧ ಊರು ಇರುತ್ತದೆ ಆ ಬಸ್ಸಿನಲ್ಲಿ. ಬಿಸಿಲಿಗೆಂದು ಅಗಲ ಅಂಚಿನ ಟೊಪ್ಪಿ ತರಿಸಿದ್ದೇನೆ, ಹಾಕಿಯೇ ಕರೆದುಕೊಂಡು ಹೋಗುತ್ತೇನೆ. ಸೀಟು ಸಿಕ್ಕಿ ಕೂತ ಮೇಲೆ, ಯಾರಾದರೂ ಮಗುವನ್ನು ತೋರಿಸು ಎಂದರೆ, ಟೊಪ್ಪಿ ತೆಗೆದು ತೋರಿಸುತ್ತೇನೆ.

ನಿನ್ನ,
ಶೈಲ